ಅಜ್ಜಿ ಉಪ್ಪು ಹಾಕಿ ಬೆಳೆಸಲು ಹೊರಟ ಬಳ್ಳಿ

ಮದುವೆಯಾದ ಮೇಲೆ ಮೊದಲ ಸಲ ಸಮುದ್ರ ನೋಡಿ ಬಂದೆವು. ಇಂದು ಬೆಳಿಗ್ಗೆ ಬ್ಯಾಗ್ ಬಿಚ್ಚಿದರೆ, ನನ್ನ ಹೊಚ್ಚ ಹೊಸ ಗಂಡನ ಒದ್ದೆ ಕರ್ಚೀಫಿನೊಳಗೆ ಒಂದು ಬಳ್ಳಿಯ ತುಂಡು! ಮರಳಿನ ಆ ಉಪ್ಪು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಜ್ಜಿಯ ಸೆರಗು ಹಿಡಿದ ಪುಟ್ಟ ಹುಡುಗಿಯಾಗಿಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಜ್ಜಿ, ತಾತನ ಜೊತೆ ಸಮುದ್ರಕ್ಕೆ ಹೋಗಿದ್ದೆ. ಅಂದು ಇಡೀ ದಿನ ಕಡಲಂಚಿನ ಕಪ್ಪು ಬಂಡೆಗಳನ್ನು ಹತ್ತಿ ಇಳಿದಿದ್ದೆವು. ನಾವೆಲ್ಲ ಅಲೆ ನೋಡಿದರೆ ಅಜ್ಜಿ ನೋಡಿದ್ದು ಗಿಡಗಳನ್ನು. ಯಾರ ಮನೆಗೆ ಹೋದರೂ ಒಂದು ಕಡ್ಡಿ ಮುರಿದು ತರುವವಳು ಅವಳು. ಬಂಡೆಯ ಸಂದಿನಲ್ಲಿ ಮುಳ್ಳು ಕೆದರಿಕೊಂಡು ನಿಂತ ಕೇದಗೆಯನ್ನು ಮುಟ್ಟಿ ಬೆರಳು ಚುಚ್ಚಿಸಿಕೊಂಡಳು. ಕೊನೆಗೆ ಮರಳ ಮೇಲೆ ನೇರಳೆ ಹೂ ಬಿಟ್ಟು ಹಬ್ಬಿದ್ದ ಬಳ್ಳಿಯ ಒಂದು ತುಂಡು ಒದ್ದೆ ಬಟ್ಟೆ ಸುತ್ತಿಕೊಂಡು ನಮ್ಮ ಟಿಫನ್ ಡಬ್ಬಿ ಸೇರಿತು.

“ಸಮುದ್ರಾನೂ ತುಂಬ್ಕೊಂಡ್ಬಿಡೇ!” ಎಂದು ತಾತ ರೇಗಿಸಿದರು.

ಬೆಂಗಳೂರಿಗೆ ಮರಳಿ, ಇಟ್ಟಮಡುವಿನ ಮನೆಯಲ್ಲಿ ಅದನ್ನು ಕುಂಡಕ್ಕೆ ನೆಟ್ಟು, ಅಜ್ಜಿ ದಿನಾ ನೀರಿಗೆ ಉಪ್ಪು ಕರಗಿಸಿ ಹಾಕಿದಳು. “ಕಾವೇರಿ ನೀರು ಅದಕ್ಕೆ ಸಪ್ಪೆ ಅನ್ಸತ್ತೆ ಪುಟ್ಟಿ, ಪಾಪ!”

ಸ್ವಲ್ಪ ದಿನಕ್ಕೇ ಬಳ್ಳಿ ಕರ್ರಗಾಗಿ ಸತ್ತೇಹೋಯಿತು. “ತವರು ನೆನಪಾಗಿರ್ಬೇಕು ಕಣೇ” ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಈಗ ಉತ್ತರಹಳ್ಳಿಯ ನಮ್ಮ ಬಾಲ್ಕನಿಯಿಂದ ಗಂಡ ಕೂಗುತ್ತಿದ್ದಾನೆ, “ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೀಯ? ಇದು ಸಮುದ್ರದ ಗಿಡ ಅಲ್ವಾ!”

ಓಡಿಹೋಗಿ ಡಬ್ಬಿ ಬಚ್ಚಿಟ್ಟೆ. ಈ ಬಳ್ಳಿಯೂ ಈ ಮನೆಯ ನೀರಿಗೇ ಒಗ್ಗಿಕೊಳ್ಳಲಿ, ನನ್ನ ಹಾಗೆ.