ಏಣಿ ಕಾಣದ ಬೇರುಗಳು

ಮಾಲಾ ಕೂತಲ್ಲಿ ಕೂರುವವಳಲ್ಲ. ಜಮಖಂಡಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ಕರೆಂಟು ಹರಿಯುವ ಎರಡು ತಾಸು ಅವಳು ಕಿಟಕಿಗೂ ಮೇಜಿಗೂ ನೂರು ಸಲ ತಿರುಗುತ್ತಿದ್ದಳು. "ನೀ ಕುಂತರ ಜೆಲ್ ಓಡೂದಿಲ್ಲೇನ?" ಎಂದು ಅವಳ ಮಾರ್ಗದರ್ಶಕಿ ರತ್ನಾಬಾಯಿ ಮೇಡಂ ಕೆಣಕುತ್ತಿದ್ದರು.

ಅದು 2009ರ ಮಳೆಗಾಲ. ಎಂ.ಎಸ್ಸಿ.ಯ ಪ್ರಬಂಧಕ್ಕೆ ಅವಳು ಹಿಡಿದ ವಿಷಯ ತನ್ನೂರಿನದೇ: ಗಲಗಲಿಯಲ್ಲಿ ಅಣೆಕಟ್ಟಿನ ಹಿನ್ನೀರು ಜಿನುಗಿ, ಸದಾ ನೀರು ನಿಂತು ಜವಳಾದ ನೆಲದಲ್ಲಿ ಗೋವಿನಜೋಳದ ಬೇರಿಗೆ ಏನಾಗುತ್ತದೆ? ನೀರಿನಲ್ಲಿ ಉಸಿರು ಕಟ್ಟಿದಾಗ ಬೇರಿನ ಕೆಲವು ಜೀವಕೋಶಗಳು ತಾವಾಗಿಯೇ ಸತ್ತು ಗಾಳಿಗೆ ದಾರಿ ಬಿಡುತ್ತವೆ. ಅದನ್ನು ಪತ್ತೆ ಹಚ್ಚಲು ಎರಡು ಪರೀಕ್ಷೆ. ಬೇರನ್ನು ನೀಲಿ ಬಣ್ಣದಲ್ಲಿ ಅದ್ದಿದರೆ ಸತ್ತ ಕೋಶ ಬಣ್ಣ ಹೀರುತ್ತದೆ, ಬದುಕಿದ್ದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೇಗೆ ಸತ್ತಿತೆಂದು ತಿಳಿಯಲು ಡಿಎನ್‌ಎ ತೆಗೆದು ಜೆಲ್ ಮೇಲೆ ಓಡಿಸಬೇಕು. ತಾನಾಗಿ ಸತ್ತಿದ್ದರೆ ಅಳೆದು ಕತ್ತರಿಸಿದ ತುಂಡುಗಳು ಏಣಿಯ ಮೆಟ್ಟಿಲಿನಂತೆ ಕಾಣುತ್ತವೆ. ಬರೀ ಕೊಳೆತಿದ್ದರೆ ಮಸಿ ಒರೆಸಿದಂತೆ.

ಮಾಲಾಗೆ ಏಣಿಯೂ ಇಲ್ಲ, ಮಸಿಯೂ ಇಲ್ಲ. ಅಪ್ಪ ಹೊಳೆಪ್ಪ ಪ್ರತಿ ಸೋಮವಾರ ಬೇರುಗಳನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ಆರು ವಾರವೂ ಬೇರಿಗೆ ನೀಲಿ ಹತ್ತಲಿಲ್ಲ. ಜೆಲ್ ಮೇಲೆ ಒಂದೇ ದಪ್ಪ ಪಟ್ಟಿ, ಅಂದರೆ ತುಂಡಾಗದ ಡಿಎನ್‌ಎ. ಅವಳು ಔಷಧಿಯನ್ನು ಶಂಕಿಸಿದಳು, ಯಂತ್ರವನ್ನು ಬೈದಳು, ಕೊನೆಗೆ ತನ್ನ ಕೈಯನ್ನೇ ಹಳಿದುಕೊಂಡಳು.

"ಹದಿನೈದು ದಿನದಾಗ ಏಣಿ ಬರದಿದ್ರ ವಿಷಯ ಬದಲಸು. ಒಂದ ವರ್ಷ ಹೋಗತೈತಿ, ಹೋಗಲಿ," ಎಂದರು ಮೇಡಂ.

ಭಾನುವಾರ ಅವಳು ಹೇಳದೆ ಕೇಳದೆ ಊರಿನ ಬಸ್ಸು ಹತ್ತಿದಳು. ಅವರ ಹೊಲದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು, ಪೈರು ಹಳದಿ ಬಿದ್ದಿತ್ತು. ಅಪ್ಪ ಅಲ್ಲಿರಲಿಲ್ಲ. ದಿಬ್ಬದ ಮೇಲಿನ ಗಿರಿಮಲ್ಲಪ್ಪನ ಒಣ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಳ್ಳನೆಯ ಬೇರುಗಳನ್ನೇ ಆರಿಸಿ ತೊಳೆಯುತ್ತಿದ್ದ.

"ಯಪ್ಪಾ, ಆರು ವಾರ ಇವನ್ನ ಕಳಿಸೀಯೇನ?"

"ಕರ್ರಗಾದ ಬೇರ ಹೆಂಗ ಕಳಸೂದವ್ವಾ? ಕಾಲೇಜಿನಾಗ ನಾಕ ಮಂದಿ ನೋಡ್ತಾರ, ಹೊಳೆಪ್ಪನ ಹೊಲ ಹಿಂಗಾಗೇತಿ ಅಂತಾರ." ಆಮೇಲೆ ಮುಖ ತಿರುಗಿಸಿ, "ನಿನಗೂ ಗೊತ್ತಾಗೂದು ಬ್ಯಾಡಾಗಿತ್ತು," ಎಂದ.

ಮಾಲಾಗೆ ಸಿಟ್ಟು ನೆತ್ತಿಗೇರಿತು. ಸೀದಾ ತಮ್ಮ ಹೊಲಕ್ಕಿಳಿದು, ಕೆಸರಿನಲ್ಲಿ ಕೈ ಹಾಕಿ ಬೇರು ಕಿತ್ತಳು.

ಮಂಗಳವಾರ ಅದೇ ಯಂತ್ರ, ಅದೇ ಕೈ. ಒಂದು ಕಡೆ ಹಳೆಯ ಬೇರಿನ ದಪ್ಪ ಪಟ್ಟಿ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏಣಿ. ಊರಲ್ಲಿ ಕಂಡದ್ದನ್ನು ಅವಳಿಂದ ಕೇಳಿದ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಆ ಛಲೋ ಬೇರು ದಂಡ ಆಗಲಿಲ್ಲ ನೋಡು, ಹೋಲಿಸಾಕ ಬೇಕೇ ಬೇಕಿದ್ದವು. ಯಾವುದು ಯಾರ ಹೊಲದ್ದು ಅಂತ ಪ್ರಬಂಧದಾಗ ಚಿತ್ರದ ಕೆಳಗ ಬರಿ."

ಅದನ್ನು ಬರೆಯಲು ಅವಳಿಗೆ ಆಗಲಿಲ್ಲ. ಪೆನ್ನು ಹಿಡಿದು ಕಿಟಕಿಯ ತನಕ ಹೋದಳು, ಬಂದಳು, ಮತ್ತೆ ಹೋದಳು. ಕೊನೆಗೆ ಅಪ್ಪನಿಗೆ ಫೋನು ಹಚ್ಚಿ ಎಲ್ಲ ಹೇಳಿ, "ನಿನ್ನ ಹೆಸರು ಬ್ಯಾಡಂದ್ರ ಬರಿಯೂದಿಲ್ಲ, ಮೇಡಂಗ ನಾ ಹೇಳ್ತೇನಿ," ಎಂದಳು.



"ಛಲೋ ಇದ್ದದ್ದು ಗಿರಿಮಲ್ಲಪ್ಪಂದು, ಸಾಯಾಕತ್ತಿದ್ದು ನಂದು," ಎಂದ ಹೊಳೆಪ್ಪ. "ಹಂಗ ಬರಿ. ನನ್ನ ಹೆಸರು ಪೂರಾ ಹಾಕು."