ಒಂದು ಮಧ್ಯಾಹ್ನದ ಸಾಹೇಬ

ಹೋದ ತಿಂಗಳು ನನ್ನ ಅಕ್ಕನ ಮಗ ಮಲ್ಲಿಕಾರ್ಜುನ ಒಂದು ಮಧ್ಯಾಹ್ನದ ಮಟ್ಟಿಗೆ ಸಾಹೇಬನಾಗಿದ್ದ. ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ, ಸರ್ಕಾರದ ಫರ್ಮಾನೂ ಇಲ್ಲ. ಹಾಗಾದರೆ ನೇಮಿಸಿದವರು ಯಾರು? ಅವನ ಮೈಮೇಲಿದ್ದ ಕರಿ ಶೇರ್ವಾನಿ.

ನಗಬೇಡಿ. ಈ ನೇಮಕದಿಂದ ಒಬ್ಬ ಬಡವನ ಕೆಲಸ ಹೋಗುವುದರಲ್ಲಿತ್ತು.

ಮೊದಲಿನಿಂದ ಹೇಳುತ್ತೇನೆ. ಮಲ್ಲಿಕಾರ್ಜುನ ಗದ್ವಾಲದ ಹುಡುಗ. ಅವನಪ್ಪ, ಅಂದರೆ ನನ್ನ ಭಾವ, ಅಲ್ಲಿ ಸೀರೆ ವ್ಯಾಪಾರಿ. ನಾನು ಇಲ್ಲಿ ನಾರಾಯಣಪೇಟೆಯಲ್ಲಿ ಸೀರೆ ವ್ಯಾಪಾರಿ. (ಯಾವ ಊರಿನ ಸೀರೆ ಮೇಲು ಎಂಬ ವಾದ ನಮ್ಮಲ್ಲಿ ಹಬ್ಬಕ್ಕೊಮ್ಮೆ ನಡೆಯುತ್ತದೆ. ಅಕ್ಕ ಯಾವ ಪಕ್ಷವನ್ನೂ ಹಿಡಿಯದೆ ಎರಡನ್ನೂ ಉಡುತ್ತಾಳೆ.) ಹುಡುಗ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿದ. ಅಲ್ಲಿಯೇ ಗ್ರಾಜುಯೇಟರಿಗೆ ರಾಜ್ಯಾಡಳಿತ ಕಲಿಸಿ ಆಫೀಸರರನ್ನಾಗಿ ಮಾಡುವ ಒಂದು ಕ್ಲಾಸಿದೆ. ಅದಕ್ಕೆ ಅರ್ಜಿ ಹಾಕಿದ. ಇಂಟರ್‌ವ್ಯೂಗೆ ಕರೆಯೂ ಬಂತು. ಕರೆ ಬಂದ ಮೇಲೆ ಅವನಿಗೆ ಅನುಮಾನ ಶುರುವಾಯಿತು. ಹೋಗಬೇಕೋ ಬೇಡವೋ? ಅದನ್ನು ಕೇಳಲು ನನ್ನ ಹತ್ತಿರ ಬಂದಿದ್ದ.

ನನ್ನನ್ನೇ ಯಾಕೆ ಕೇಳಬೇಕು? ನಾನು ಓದಿದ್ದು ಮಿಡ್ಲ್‌ವರೆಗೆ. ಆದರೆ ಪತ್ರಿಕೆಯಲ್ಲಿ ವಾರವಾರ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. (ನೀವೂ ಅವರಲ್ಲೊಬ್ಬರಾಗಿದ್ದರೆ ದಯವಿಟ್ಟು ಹಾಗೆಯೇ ಇರಿ.)

ಮನೆಯಲ್ಲಿ ಸಲಹೆಗೇನೂ ಬರವಿರಲಿಲ್ಲ. ಭಾವನದು ನೇರ ಲೆಕ್ಕ. ಸೀರೆ ಗಂಟು ಹೊತ್ತು ಹೋದಾಗಲೆಲ್ಲ ಕರೋಡಗಿರಿ ನಾಕೆಯಲ್ಲಿ ಸುಂಕದವರು ತಡೆದು, ಕಟ್ಟಿದ ಗಂಟು ಬಿಚ್ಚಿಸಿ, ಮಡಿಕೆ ಕೆಡಿಸಿ ಕಳಿಸುತ್ತಾರೆ. ಮನೆಯಲ್ಲೊಬ್ಬ ಹುದ್ದೇದಾರ ಇದ್ದರೆ ಗಂಟಿಗೆ ಯಾರು ಕೈ ಹಚ್ಚುತ್ತಾರೆ? ಮಗ ರಾಜ್ಯ ಆಳಲಿ ಎಂದು ಭಾವನಿಗೆ ಆಸೆಯಿಲ್ಲ, ಸೀರೆಯ ಮಡಿಕೆ ಕೆಡದಿದ್ದರೆ ಸಾಕು. ಅಕ್ಕನ ಚಿಂತೆ ಬೇರೆ. ವರಂಗಲ್ ಕಡೆ ವರ್ಗವಾದರೆ ಹುಡುಗನಿಗೆ ಜೋಳದ ರೊಟ್ಟಿ ಬಡಿದುಕೊಡುವವರು ಯಾರು?

ಮಲ್ಲಿಕಾರ್ಜುನನನ್ನೇ ಕೇಳಿದೆ, ನಿನಗೆ ಯಾಕೆ ಬೇಕು ಅಂತ. ಜನಸೇವೆ ಎಂದ. ಯಾವ ಜನ ಎಂದೆ. ಎಲ್ಲ ಜನ ಎಂದ. ಅವನ ತಪ್ಪಲ್ಲ. ಹಾಸ್ಟೆಲ್ಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಹಾಸ್ಟೆಲ್ಲಿಗೆ ಓಡಾಡಿದ ಹುಡುಗ ಜನರನ್ನು ಎಲ್ಲಿ ನೋಡಬೇಕು?

ಆ ಮಾತು ಅಲ್ಲಿಗೇ ನಿಂತಿತ್ತು. ಮರುದಿನ ಮಕ್ತಲದಲ್ಲಿ ನಮ್ಮ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯ. ಇಬ್ಬರೂ ಹೊರಟೆವು. ಬೀಗರ ಮನೆಯೆಂದು ಅವನು ಕಾಲೇಜಿನ ಶೇರ್ವಾನಿ, ತಲೆಗೆ ಟೋಪಿ, ಕಾಲಿಗೆ ಪಾಲಿಶ್ ಮಾಡಿದ ಬೂಟು ಹಾಕಿದ್ದ. ನಾನು ಧೋತರ, ರುಮಾಲು.

ಬಸ್ಸಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಯುದ್ಧ ಶುರುವಾಗಿ ಪೆಟ್ರೋಲ್ ಸಿಗದಂತಾದಾಗಿನಿಂದ ನಮ್ಮ ಬಸ್ಸುಗಳು ಇದ್ದಿಲು ತಿಂದು ಓಡುತ್ತಿವೆ. ಓಡುತ್ತಿವೆ ಎಂಬುದು ಅಷ್ಟು ಸರಿಯಾದ ಮಾತಲ್ಲ. ಉಟ್ಕೂರ್ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಕೆಮ್ಮಿ ನಿಂತಿತು. ಕೊಳವೆ ಬಿಚ್ಚಿ ಬೂದಿ ಕೊಡವಿ ಮತ್ತೆ ಹೊತ್ತಿಸಬೇಕು, ಸಂಜೆಯಾಗುತ್ತದೆ ಎಂದ ಡ್ರೈವರ್. ಬಿಸಿಲು ನೆತ್ತಿ ಸುಡುತ್ತಿತ್ತು. ದಾರಿಯ ಪಕ್ಕದ ಹಳ್ಳಿಗೆ ನಡೆದೆವು. ಅಲ್ಲಿಯ ಚಾವಡಿಯಲ್ಲಿ ನೆರಳಿಗೆ ಕೂರೋಣವೆಂದು.

ನಾವು ಹೋಗುತ್ತಲೇ ಚಾವಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಒಬ್ಬ ಓಡಿಹೋಗಿ ಮಂಚ ತಂದ. ಇನ್ನೊಬ್ಬ ಅದರ ಮೇಲೆ ಜಮಖಾನ ಹಾಸಿದ. ಪಟೇಲರು ರುಮಾಲು ಸುತ್ತಿಕೊಳ್ಳುತ್ತಲೇ ಬಂದರು. ಹಿಂದೆಯೇ ಹಾಲು ಬಂತು. ಇಷ್ಟು ಮರ್ಯಾದೆ ನನಗಲ್ಲ ಎಂದು ನನಗೆ ಕೂಡಲೇ ತಿಳಿಯಿತು. ಹಾಲಿನ ಲೋಟ ಒಂದೇ ಇತ್ತು.

ಯಾರೋ ದೊಡ್ಡ ಸಾಹೇಬರು ದೌರೆಯ ಮೇಲೆ, ಅಂದರೆ ಊರೂರು ತಪಾಸಣೆಗೆ, ಬರುತ್ತಾರೆಂದು ಆ ಊರಿಗೆ ಸುದ್ದಿ ಇತ್ತಂತೆ. ಯಾವಾಗ, ಯಾರು, ಗೊತ್ತಿಲ್ಲ. ಶೇರ್ವಾನಿ ಬಂತು, ಸಾಹೇಬರು ಬಂದರು. ನಾನು ಎರಡು ಕೈ ಎತ್ತಿ, ಇವನು ಸಾಹೇಬನಲ್ಲ, ನನ್ನ ಅಕ್ಕನ ಮಗ, ನಾನು ಇವನ ಮಾಮಾ ಎಂದೆ. ಪಟೇಲರು ನಕ್ಕರು.

"ಸಾಹೇಬ್ರಿಗೂ ಮಾಮಾ ಇರ್ತಾರಲ್ರಿ."

ಇದಕ್ಕೆ ಏನು ಹೇಳುತ್ತೀರಿ? ಗುಟ್ಟಾಗಿ ತಪಾಸಣೆ ಮಾಡುವ ಸಾಹೇಬರು ತಾವು ಸಾಹೇಬರಲ್ಲವೆಂದೇ ಹೇಳಿಕೊಳ್ಳುತ್ತಾರೆ ಎಂಬುದು ಹಳ್ಳಿಗೆಲ್ಲ ಗೊತ್ತು. ನಾನು ಅಲ್ಲ ಅಲ್ಲ ಎಂದಷ್ಟೂ ಅವರಿಗೆ ಹೌದು ಹೌದು ಎನ್ನಿಸಿತು. ಮಲ್ಲಿಕಾರ್ಜುನನೂ ಅಲ್ಲವೆಂದ. ಅವನು ಬೇರೆ ಶುದ್ಧ ಹೈದರಾಬಾದಿ ಉರ್ದುವಿನಲ್ಲಿ ಅಲ್ಲವೆಂದ. ಇದ್ದ ಒಂದಿಷ್ಟು ಅನುಮಾನವೂ ಹೋಯಿತು.

ಅಷ್ಟರಲ್ಲಿ ಕೆಲವು ರೈತರು ಬಂದು, ಚಪ್ಪಲಿ ದೂರ ಬಿಟ್ಟು, ನೆಲದ ಮೇಲೆ ಕೂತರು. ಅವರೊಂದಿಗೆ ಸಾಬಣ್ಣ ಎಂಬ ನೀರಗಂಟಿ. ಕೆರೆಯ ತೂಬು ತೆಗೆದು ಮುಚ್ಚಿ ಹೊಲಹೊಲಕ್ಕೆ ಸರದಿಯ ಪ್ರಕಾರ ನೀರು ಬಿಡುವವನು. ಆ ಚಾಕರಿಗೆ ಸರ್ಕಾರ ಕೊಟ್ಟ ತುಂಡು ಹೊಲವೇ ಅವನ ಸಂಬಳ. ದೂರು ಸಣ್ಣದು. ಕೆರೆಯಲ್ಲಿ ನೀರಿದೆ. ತೂಬಿನ ಬಾಯಲ್ಲಿರುವ ಗದ್ದೆಗಳು ಪಟೇಲರವು. ಅವರ ಭತ್ತ ಮೊಣಕಾಲು ಮುಳುಗಿ ನಿಂತಿದೆ. ಕೆಳಗಿನವರ ಭತ್ತ ಕಾಳು ಕಟ್ಟುವ ಹೊತ್ತಿನಲ್ಲಿ ಒಣಗುತ್ತಿದೆ. ಸರದಿ ಬಂದರೂ ಪಟೇಲರು ತೂಬು ತಿರುಗಿಸಲು ಬಿಡುತ್ತಿಲ್ಲ.

ಮಂಚದ ಮೇಲೆ ಕೂತು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನಿಜವಾದ ಸಾಹೇಬರು ಅಷ್ಟೇ ಮಾಡುತ್ತಾರೆ. ನನ್ನ ಅಳಿಯ ಎದ್ದ. ಬೂಟು ಕೆಸರಾದರೂ ಕೆರೆಯ ಏರಿಯ ಮೇಲೆ ನಡೆದ. ಪಟೇಲರ ಗದ್ದೆ ನೋಡಿದ, ಕೆಳಗಿನ ಗದ್ದೆಗೆ ಇಳಿದು ಒಂದು ತೆನೆ ಹಿಸುಕಿ ನೋಡಿದ. ಪಟೇಲರ ಮಾತನ್ನೂ ಪೂರ್ತಿ ಕೇಳಿದ. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಇವನು ಈ ಕೆಲಸಕ್ಕೇ ಹುಟ್ಟಿದವನು ಎನ್ನಿಸಿತು. ಕೊನೆಗೆ ಅವನು ಸಾಬಣ್ಣನ ಕಡೆ ತಿರುಗಿ ಹೇಳಿದ.

"ಸರದಿ ಅವರದಿದ್ರ ಅವರಿಗೆ ಬಿಡಬೇಕಲ್ಲ. ಬಿಡ್ರಿ."

ಅಷ್ಟೇ. ಬಸ್ಸಿನ ಹಾರ್ನ್ ಕೇಳಿತು, ಬಂದುಬಿಟ್ಟೆವು. ದಾರಿಯುದ್ದಕ್ಕೂ ಹುಡುಗನ ಮುಖದಲ್ಲಿ ಬೆಳಕಿತ್ತು. ಅವನ ಮಟ್ಟಿಗೆ ಅದು ಒಂದು ಅಭಿಪ್ರಾಯ. ಕಾಲೇಜಿನ ಡಿಬೇಟಿನಲ್ಲಿ ಹೇಳುತ್ತಾರಲ್ಲ, ಅಂಥದ್ದು.

ನಮ್ಮ ಕಡೆ ಶೇರ್ವಾನಿಗೆ ಅಭಿಪ್ರಾಯ ಇರುವುದಿಲ್ಲ. ಹುಕುಂ ಇರುತ್ತದೆ.

ಹತ್ತು ದಿನ ಕಳೆದಿರಬೇಕು. ಅದೇ ಬಸ್ಸಿನ ಕಂಡಕ್ಟರ್ ನನ್ನ ಅಂಗಡಿಗೆ ಬಂದು ಸುದ್ದಿ ಹೇಳಿದ. ಸಾಬಣ್ಣ ತೂಬು ತಿರುಗಿಸಿ ಕೆಳಗಿನ ಗದ್ದೆಗಳಿಗೆ ನೀರು ಬಿಟ್ಟನಂತೆ. ಪಟೇಲರು ಕೈಕಟ್ಟಿ ನಿಂತು ನೋಡಿದರಂತೆ, ಸಾಹೇಬರ ಹುಕುಂ ಅಲ್ಲವೇ? ಆಮೇಲೆ ಕಂದಾಯದ ಗಿರ್ದಾವರರು ಬಂದರು. ಯಾವ ಸಾಹೇಬರು? ಯಾವ ಸಾಹೇಬರೂ ಬಂದಿಲ್ಲ ಎಂದರು. ಪಟೇಲರ ಸಿಟ್ಟು ಕಟ್ಟೆಯೊಡೆಯಿತು. ಈಗ ಸಾಬಣ್ಣ ವಿಚಾರಣೆಗೆಂದು ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ದಿನಾ ಕೂತಿದ್ದಾನೆ. ಇಲ್ಲದ ಸಾಹೇಬನ ಹೆಸರು ಹೇಳಿ ತೂಬು ತೆಗೆದನೆಂದು ನೀರಗಂಟಿಕೆ ಹೋಗುತ್ತದಂತೆ. ಅದರ ಜೊತೆ ಹೊಲವೂ.

ಸಾಹೇಬರು ಯಾರೆಂದು ಕೇಳಿದರೆ ಹೆಸರು ಗೊತ್ತಿಲ್ಲ ಎನ್ನುತ್ತಿದ್ದಾನಂತೆ.

ನಾನು ವ್ಯಾಪಾರಿ. ಮೊದಲು ಹೊಳೆದದ್ದು ವ್ಯಾಪಾರಿಯ ಬುದ್ಧಿ. ನಮ್ಮ ಹೆಸರು ಹೊರಬಂದಿಲ್ಲ. ಸುಮ್ಮನಿದ್ದರೆ ಬರುವುದೂ ಇಲ್ಲ. ಸರ್ಕಾರಿ ಅಧಿಕಾರಿಯಂತೆ ನಟಿಸುವುದು ಅಪರಾಧ. ಇಂಟರ್‌ವ್ಯೂ ಎದುರಿಗಿದೆ. ಮಲ್ಲಿಕಾರ್ಜುನ ಅಂಗಡಿಯೊಳಗೆ ಗೋಡೆಗೆ ಒರಗಿ ಕೂತಿದ್ದ. ಕಂಡಕ್ಟರ್ ಹೋದ ಮೇಲೆ ಕೇಳಿದ.

"ಮಾಮಾ, ನಾ ಹೇಳಿದ್ದು ನ್ಯಾಯ ಐತೋ ಇಲ್ಲೋ?"

"ನ್ಯಾಯ ಐತಿ. ಆದ್ರ ಅದನ್ನ ಹೇಳಾಕ ನೀ ಯಾರು?"

ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ನನಗೇ ಅದು ಕೊರೆಯತೊಡಗಿತು. ಆ ಕ್ಲಾಸು ಕೊಡುವುದು ಏನು ಹಾಗಾದರೆ? ಈ 'ನೀ ಯಾರು' ಎಂಬ ಪ್ರಶ್ನೆಗೆ ಒಂದು ಉತ್ತರ. ಎರಡು ವರ್ಷ ಕಾನೂನು, ಕಂದಾಯ, ಕುದುರೆ ಸವಾರಿ ಕಲಿಸಿ, ಇನ್ನು ಮೇಲೆ ನೀನು 'ಬಿಡ್ರಿ' ಎಂದರೆ ಬಿಡತಕ್ಕದ್ದು ಎಂಬ ಸನ್ನದು ಕೊಡುತ್ತಾರೆ. ಒಳ್ಳೆಯದೇ. ಆದರೆ ಆ ಮಾತು ಯಾರ ತಲೆಯ ಮೇಲೆ ಬಿತ್ತು ಎಂದು ಹಿಂತಿರುಗಿ ನೋಡುವುದು ಸಿಲೆಬಸ್ಸಿನಲ್ಲಿ ಇದೆಯೋ ಇಲ್ಲವೋ ತಿಳಿಯದು. ನೋಡಿದವರನ್ನಂತೂ ನಾನು ಕಂಡಿಲ್ಲ. ದೌರೆ ಬರುತ್ತದೆ, ಹುಕುಂ ಆಗುತ್ತದೆ, ಮೋಟಾರು ಹೋಗುತ್ತದೆ. ಧೂಳು ಊರಿನವರ ಪಾಲು.

ಮಾರನೆಯ ದಿನ ಅವನು ತಾಲ್ಲೂಕು ಕಚೇರಿಗೆ ಹೊರಟ. ಶೇರ್ವಾನಿ ಹಾಕಲಿಲ್ಲ, ನನ್ನದೊಂದು ಹಳೆಯ ಅಂಗಿ ಕೇಳಿ ತೊಟ್ಟುಕೊಂಡ. ಒಬ್ಬನನ್ನೇ ಕಳಿಸಲು ಮನಸ್ಸು ಬರದೆ ನಾನೂ ಹೋದೆ. ಆ ಅಂಗಿಯಲ್ಲಿ ನಮ್ಮನ್ನು ಕೇಳುವವರೇ ಇರಲಿಲ್ಲ. ಚಪ್ರಾಸಿ ಎರಡು ಸಲ ಆಚೆ ದಬ್ಬಿದ. ಮಧ್ಯಾಹ್ನದವರೆಗೆ ಸಾಬಣ್ಣ ಕೂತ ಪಡಸಾಲೆಯಲ್ಲೇ ಕೂತೆವು. ಅವನು ನಮ್ಮನ್ನು ನೋಡಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ತಹಸೀಲ್ದಾರರು ಒಳ್ಳೆಯ ಮನುಷ್ಯ. ವಯಸ್ಸಾಗಿದೆ, ದಣಿದಿದ್ದಾರೆ. ಕಥೆ ಕೇಳಿ ನಕ್ಕರು. ಹುಡುಗ ಆಡಳಿತದ ಕ್ಲಾಸಿಗೆ ಅರ್ಜಿ ಹಾಕಿದ್ದಾನೆಂದು ತಿಳಿದ ಮೇಲೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಮೆಲ್ಲನೆ ಉರ್ದುವಿನಲ್ಲಿ ಬುದ್ಧಿ ಹೇಳಿದರು. ಬೇಟಾ, ನಾಳೆ ನೀನೂ ನಮ್ಮವನೇ. ಇದನ್ನು ಬರಹದಲ್ಲಿ ಕೊಟ್ಟರೆ ಕಾಗದ ಮೇಲಕ್ಕೆ ಹೋಗುತ್ತದೆ, ನಾನು ತಡೆಯಲಾರೆ. ಮನೆಗೆ ಹೋಗು. ನೀರಗಂಟಿಯನ್ನು ಈಗ ತೆಗೆದು, ಗಲಾಟೆ ತಣ್ಣಗಾದ ಮೇಲೆ ಮತ್ತೆ ಹಚ್ಚಿಕೊಳ್ಳುತ್ತೇನೆ.

ನನಗೆ ಈ ಮಾತು ಬಹಳ ಹಿಡಿಸಿತು. ಎಲ್ಲರಿಗೂ ಅನುಕೂಲ, ಯಾರಿಗೂ ನಷ್ಟವಿಲ್ಲ. ಇಂಥ ವ್ಯವಹಾರಗಳನ್ನು ಅಂಗಡಿಯಲ್ಲಿ ನಾನೇ ಎಷ್ಟೋ ಕುದುರಿಸಿದ್ದೇನೆ. ಮಲ್ಲಿಕಾರ್ಜುನ ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿಯವರೆಗೆ ಸಾಬಣ್ಣನ ಮನೆಯವರು ಏನು ತಿನ್ನಬೇಕು? ತಹಸೀಲ್ದಾರರು ಚಹಾ ಕುಡಿದರು. ಹುಡುಗ ಕಾಗದ ಕೇಳಿ ತೆಗೆದುಕೊಂಡ. ತಾನು ಸಾಹೇಬನೆಂದು ಹೇಳಿಕೊಂಡಿಲ್ಲ, ಆದರೆ ನೀರು ಬಿಡು ಎಂದದ್ದು ತಾನೇ, ನೀರಗಂಟಿಯ ತಪ್ಪಿಲ್ಲ ಎಂದು ಬರೆದು ಸಹಿ ಮಾಡಿದ.

ಸಾಬಣ್ಣನನ್ನು ಅಂದೇ ಬಿಟ್ಟರು. ಚಾಕರಿ ಉಳಿಯಿತು, ಹೊಲ ಉಳಿಯಿತು. ಸರದಿಯ ತಕರಾರನ್ನು ಖುದ್ದಾಗಿ ಬಂದು ನೋಡುತ್ತೇನೆ ಎಂದು ತಹಸೀಲ್ದಾರರು ಹೇಳಿದ್ದಾರೆ. (ಅವರು ಬರುವ ಹೊತ್ತಿಗೆ ಭತ್ತ ಕೊಯ್ದು ರಾಶಿ ಮಾಡಿ ಉಂಡೂ ಆಗಿರುತ್ತದೆ.)

ಹೊರಗೆ ಬಂದ ಮೇಲೆ ಸಾಬಣ್ಣ ನಮ್ಮೊಂದಿಗೆ ಬಸ್ಸಿನ ತನಕ ನಡೆದ. ಮಲ್ಲಿಕಾರ್ಜುನ ಕ್ಷಮೆ ಕೇಳಿದ, ನಾನು ಸಾಹೇಬನಲ್ಲವೆಂದು ನಿನಗೆ ಗಟ್ಟಿಯಾಗಿ ಹೇಳಬೇಕಿತ್ತು ಎಂದ. ಸಾಬಣ್ಣ ನಿಂತ.

"ನೀವು ಸಾಹೇಬ್ರಲ್ಲಂತ ನನಗ ಅವತ್ತೇ ಗೊತ್ತಿತ್ರಿ. ನನ್ನ ಮಗಳ ಲಗ್ನದ ಸೀರಿ ಇವರ ಅಂಗಡ್ಯಾಗ ತಂದಿದ್ದೆ."

ನಾವಿಬ್ಬರೂ ಬಾಯಿ ತೆರೆದು ನೋಡಿದೆವು. ಮತ್ತೆ ಕಚೇರಿಯಲ್ಲಿ ಹೆಸರು ಯಾಕೆ ಹೇಳಲಿಲ್ಲ?

"ಸೀರಿ ಅಂಗಡಿಯವ್ರ ಅಳಿಯ ಅಂದ್ರ ಹುಕುಂ ಎಲ್ಲಿ ಉಳೀತದ್ರಿ? ನೀರು ಅವತ್ತೇ ನಿಂತುಬಿಡ್ತಿತ್ತು. ಸಾಹೇಬ್ರು ಯಾರಂತ ಗೊತ್ತಾಗೋ ತನಕ ತೂಬು ಮುಚ್ಚಾಕ ಯಾರಿಗೂ ಧೈರ್ಯ ಇರಲಿಲ್ಲ. ಯಾರರ ಒಬ್ರು ಬಿಡು ಅನ್ಲಿ ಅಂತ ನಾನೂ ಕಾಯ್ತಿದ್ದೆ. ಕೆಳಗ ಎಂಟು ದಿನ ನೀರು ಹರೀತು, ಕಾಳು ಕಟ್ಟ್ಯಾವ."

ಆಮೇಲೆ ಮಲ್ಲಿಕಾರ್ಜುನನ ಮುಖ ನೋಡಿ ಕೇಳಿದ.

"ಈಗೇನೋ ಬಂದ್ರಿ. ಖರೇನ ಸಾಹೇಬ್ರಾದ ಮ್ಯಾಲ ಹಿಂಗ ತಿರುಗಿ ಬರ್ತೀರೇನ್ರಿ?"

ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ತಿಳಿದುಕೊಳ್ಳಲು ಕೇಳಿದ. ಮಲ್ಲಿಕಾರ್ಜುನನಿಗೆ ಬರುತ್ತೇನೆ ಎಂದು ಹೇಳಿಬಿಡುವುದು ಎಷ್ಟು ಸುಲಭವಿತ್ತು! ಹೇಳಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಪ್ರೀತಿ ಉಕ್ಕಿತು.

ಇಂಥ ಕ್ಲಾಸಿಗೆ ಸೇರಬೇಕೋ ಬೇಡವೋ ಎಂದು ನಮ್ಮ ಓದುಗರ ಮಕ್ಕಳೂ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರು. ಪಾಸಾಗುತ್ತೇನೋ, ಯಾವ ದರ್ಜೆ ಸಿಗುತ್ತದೋ, ಎಲ್ಲಿಗೆ ಹಾಕುತ್ತಾರೋ ಎಂದು ಲೆಕ್ಕ ಹಾಕುತ್ತಾರೆ. ತಪ್ಪೇನಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಆದರೆ ಅರ್ಜಿ ಹಾಕುವ ಮುಂಚೆ ಒಂದು ಮಧ್ಯಾಹ್ನ ಹಳೆ ಅಂಗಿ ತೊಟ್ಟು ಯಾವುದಾದರೂ ಕಚೇರಿಯ ಪಡಸಾಲೆಯಲ್ಲಿ ಕೂತು ಬನ್ನಿ ಎಂದಷ್ಟೇ ನನ್ನ ಸಲಹೆ. ಮಿಡ್ಲ್ ಓದಿದವನು ಇದಕ್ಕಿಂತ ಹೆಚ್ಚಿನದನ್ನು ಹೇಳಲಾರ.

ಸೋಮವಾರ ಮಲ್ಲಿಕಾರ್ಜುನ ಹೈದರಾಬಾದಿಗೆ ಹೊರಡುತ್ತಾನೆ. ಅವನು ಸಹಿ ಮಾಡಿದ ಕಾಗದ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ. ಸೀಟು ಕೊಡುತ್ತಾರೋ, ಬಾಗಿಲು ತೋರಿಸುತ್ತಾರೋ ಗೊತ್ತಿಲ್ಲ. ಸಾಬಣ್ಣನಿಗೆ ಕೊಡುವ ಉತ್ತರ ಸಿಕ್ಕಿತೇನು ಎಂದು ನಿನ್ನೆ ಕೇಳಿದೆ.

"ಇಲ್ಲ ಮಾಮಾ. ಆ ಕುರ್ಚಿ ಮ್ಯಾಲ ಕುಂತ್ರ ನಾನೂ ಬರಲಿಕ್ಕಿಲ್ಲೇನೋ ಅಂತ ಅಂಜಿಕಿ ಐತಿ."

ಈ ಅಂಜಿಕೆ ಇರುವವನೇ ಹೋಗಬೇಕು, ಹೋಗು ಎಂದೆ. ಆದರೆ ಆ ಅಂಜಿಕೆ ಹೋಗದ ಹಾಗೆ ಕಾಪಾಡಿಕೊಳ್ಳುವುದನ್ನು ಆ ಕ್ಲಾಸಿನಲ್ಲಿ ಯಾರಾದರೂ ಕಲಿಸುತ್ತಾರೆಯೇ?