ಹಾನೆ ಬಂತು

ಬೇರೆ ಹೆಂಗಸರ ಸೀರೆ ಅಂಚಿನಲ್ಲಿ ಹರಿಯುತ್ತದೆ. ನಮ್ಮ ಮೇಡಂ ಸೀರೆ ಮಂಡಿಯ ಹತ್ತಿರ ಸವೆಯುತ್ತಿತ್ತು. ಎರಡು ಕಡೆ, ಅಂಗೈ ಅಗಲ, ಬಣ್ಣ ಹೋಗಿ ನೂಲು ಕಾಣುತ್ತಿತ್ತು. ಮಗುವಿನ ಹತ್ತಿರ ಮಾತಾಡಬೇಕಾದರೆ ಅವರು ನೆಲಕ್ಕೆ ಮಂಡಿ ಊರಿಯೇ ಮಾತಾಡುವರು. ಏಳುವಾಗ ಮೂಳೆ ಕಟಕ್ ಅನ್ನುವುದು ದೂರದಲ್ಲಿದ್ದ ನನಗೂ ಕೇಳಿಸುತ್ತಿತ್ತು.

ಹುಣಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಪಾಠ ಹೇಳುತ್ತಿದ್ದರು. ಅಂಗನವಾಡಿ, ನರ್ಸರಿಗಳಿಗೆ ಟೀಚರಾಗುವವರಿಗೆ ಅಲ್ಲಿ ಡಿಪ್ಲೊಮಾ ಕೊಡುತ್ತಾರೆ. ಆ ಹುಡುಗಿಯರು ಪಾಠ ಮಾಡಿ ಕಲಿಯಲಿ ಅಂತ ಕಾಲೇಜಿನ ಹಿಂದೆಯೇ ಒಂದು ಶಿಶುವಿಹಾರ. ನಾನು ಅಲ್ಲಿ ಆಯಾ, ಎಲ್ಲರ ಬಾಯಲ್ಲೂ ಅಜ್ಜಿ. ಮೂಗು ಒರೆಸುವುದು, ಗುಡಿಸುವುದು, ಉಪ್ಪಿಟ್ಟು ಬೇಯಿಸುವುದು ನನ್ನ ಕೆಲಸ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಮೇಡಂ ವಿಷಯ ಬೇರೆಯವರು ಬರೆದರೆ ಸಕ್ಕರೆ ಹಾಕುತ್ತಾರೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ನಮ್ಮ ಮೇಡಂ ಸಕ್ಕರೆ ಅಲ್ಲ. ಬಾಯಿ ಜೋರು, ಬೈದರೆ ಕಾಂಪೌಂಡಿನಾಚೆಗೂ ಕೇಳುತ್ತಿತ್ತು.

ಹೊಸ ಹುಡುಗಿಯರು ಬಂದ ಮೊದಲ ದಿನ ಅವರು ಪುಸ್ತಕ ತೆಗೆಸುತ್ತಿರಲಿಲ್ಲ. ಎಲ್ಲರನ್ನೂ ಶಿಶುವಿಹಾರಕ್ಕೆ ಕರೆತಂದು ಮಂಡಿಯ ಮೇಲೆ ನಡೆಸುವರು.

"ಏನು ಕಾಣ್ತದೆ ಹೇಳ್ರೇ."

"ಮೇಜಿನಡಿ ಜೇಡರ ಬಲೆ, ಮೇಡಂ."

"ಅಲ್ಲಿ ನಿಂತಿರೋ ಅಜ್ಜಿ ಮುಖ ಕಾಣ್ತದಾ?"

"ಇಲ್ಲ ಮೇಡಂ. ಸೀರೆ ನೆರಿಗೆ."

"ಮಗೂಗೂ ಅಷ್ಟೇ ಕಾಣೋದು. ಬಗ್ಗಿ ಮಾತಾಡಿ ಅಂತ ಪುಸ್ತಕದಲ್ಲಿದೆ, ಆಮೇಲೆ ಓದ್ಕೊಳಿ."

ಒಂದು ಸಲ ಪೇಟೆ ಕಡೆಯ ಒಬ್ಬ ಹುಡುಗಿ ಪಾಠ ಮಾಡುತ್ತಿದ್ದಳು. ಚಿಕ್ಕದೊಂದು ಹೆಣ್ಣುಮಗು ಎದ್ದು, "ಅಕ್ಕಾ, ಒಟ್ಟೆ ಅಸೀತದೆ" ಅಂದಿತು. ಇವಳು, "ಒಟ್ಟೆ ಅಲ್ಲ ಪುಟ್ಟಿ, ಹೊಟ್ಟೆ. ಹೊಟ್ಟೆ ಹಸಿಯುತ್ತಿದೆ ಅನ್ನು" ಅಂತ ಹಿಡಿದುಕೊಂಡಳು. ಮಗು ಅಂದು ಅಂದು ಸೋತು ಅಳುವುದಕ್ಕೆ ಶುರು ಮಾಡಿತು. ಮೇಡಂ ಬಾಗಿಲಲ್ಲೇ ನಿಂತಿದ್ದರು.

"ಅದು ಹೇಳಿದ್ದು ನಿಂಗೆ ತಿಳೀತಾ?"

"ತಿಳೀತು ಮೇಡಂ, ಆದರೆ ಉಚ್ಚಾರಣೆ..."

"ತಿಳೀತಲ್ಲ. ಮತ್ತೆ ಉಪ್ಪಿಟ್ಟೆಲ್ಲಿ?"

ಹುಡುಗಿ ಅಡುಗೆಮನೆಗೆ ಓಡಿಬಂದಳು.

ನನ್ನ ಸೊಸೆಯನ್ನು ಆ ಕೋರ್ಸಿಗೆ ಸೇರಿಸಿದ್ದು ನಾನೇ. ಮಗ ಸತ್ತ ಮೇಲೆ ಅವಳು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಪಿಯುಸಿ ಪಾಸಾದವಳು. ಹಸಿ ಸೊಪ್ಪಿನ ಘಾಟಿಗೆ ವಾಂತಿ ಮಾಡಿಕೊಂಡು ಮನೆಗೆ ಬರುವಳು. ಡಿಪ್ಲೊಮಾ ಆದರೆ ಟೀಚರ್ ಕೆಲಸ, ಆಗದಿದ್ದರೆ ಮತ್ತೆ ಬ್ಯಾರನ್. ನಡುವೆ ಇನ್ನೇನೂ ಇರಲಿಲ್ಲ.

ಕೊನೆಯ ಪರೀಕ್ಷೆ ಪಾಠ ಮಾಡಿ ತೋರಿಸುವುದು. ಹೊರಗಿನಿಂದ ಬಂದ ಪರೀಕ್ಷಕರು ಕಾಲ ಮೇಲೆ ಕಾಲು ಹಾಕಿ ಕೂತರು. ಶುರುವಾಗುವ ಮೊದಲೇ, "ಈ ಕಡೆಯವರಿಗೆ ಹಕಾರ ಬರೋದಿಲ್ಲ. ನಾನು ಅದನ್ನೇ ನೋಡೋದು" ಅಂದುಬಿಟ್ಟರು. ಸೊಸೆ ಬಟ್ಟೆಯ ಆನೆ ಹಿಡಿದು ಕಥೆ ಶುರು ಮಾಡಿದಳು.

"ಮಕ್ಕಳೇ, ಕಾಡಿನಿಂದ ಹೊಂದು ಹಾನೆ ಬಂತು."

ಹ ಬಿಡಬಾರದು, ಬಿಡಬಾರದು ಅಂತ ಬೇಡದ ಕಡೆಯೆಲ್ಲ ಅಂಟಿಸಿದಳು. "ಹಾನೆ ಹೆಲೆ ತಿಂತು." ಪರೀಕ್ಷಕರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಮುಂದೆ ಕೂತಿದ್ದ ಮಗುವೊಂದು ಪಾಪ ಅಂತ ಮೆಲ್ಲಗೆ, "ಆನೆ ಕಣಕ್ಕಾ" ಅಂದಿತು. ನಗು ಇನ್ನೂ ಜೋರಾಯಿತು. ನನಗೆ ಕೈಯಲ್ಲಿದ್ದ ಪೊರಕೆ ಎತ್ತಬೇಕು ಅನ್ನಿಸಿತು. ಅಷ್ಟರಲ್ಲಿ ಮೇಡಂ ಎದ್ದರು.

"ನಗಬೇಡಿ ಸಾರ್. ನಿನ್ನೆವರೆಗೂ ಇವಳು ಆನೆ ಅಂತಲೇ ಅಂತಿದ್ಲು. ಆ ‘ಹ’ ಅವಳದ್ದಲ್ಲ, ನೀವು ಹೆದರಿಸಿ ಹಾಕಿಸಿದ್ದು."

ಆತ ಸೊಸೆಯನ್ನು ಫೇಲ್ ಮಾಡಿ ಎದ್ದು ಹೋದ. ಮೇಡಂ ಹಟ ಹಿಡಿದರು. ಬೇರೆ ಪರೀಕ್ಷಕರು ಬಂದು ಮತ್ತೆ ನೋಡುವ ತನಕ ಕ್ಲಾಸಿನ ಯಾರ ಅಂಕಕ್ಕೂ ಸಹಿ ಹಾಕುವುದಿಲ್ಲ ಅಂದರು. ರಿಸಲ್ಟು ನಿಂತಿತು. ಮಿಕ್ಕ ಹುಡುಗಿಯರು ನನಗೂ ಸೊಸೆಗೂ ಶಾಪ ಹಾಕಿದರು. ನನಗೇ ತಡೆಯಲಾಗಲಿಲ್ಲ.

"ಬುಡಿ ಮೇಡಮ್ಮ, ಬರೋ ವರ್ಸ ಕಟ್ಕತಾಳೆ."

"ನೀನು ಸುಮ್ನಿರಜ್ಜಿ. ಬರೋ ವರ್ಷ ಇನ್ನೂ ಹೆದರ್ತಾಳೆ. ಆಮೇಲೆ ಆ ಹೆದರಿಕೇನೇ ಮಕ್ಕಳಿಗೆ ಕಲಿಸ್ತಾಳೆ. ಅದಕ್ಕಾ ನಾನು ಗಂಟಲು ಹರ್ಕೊಂಡಿದ್ದು?"

ಕೊನೆಗೆ ಆಡಳಿತದವರು ಬಗ್ಗಿದರು. ಬೇರೊಬ್ಬ ಹೆಂಗಸು ಬಂದು ನೋಡಿದರು. ಸೊಸೆ ಅದೇ ಕಥೆಯನ್ನು ಮನೆಯಲ್ಲಿ ಹೇಳುವ ಹಾಗೆ ಹೇಳಿದಳು. ಮಕ್ಕಳು ಇನ್ನೊಂದು ಸಲ ಹೇಳು ಅಂತ ಅವಳ ಸೆರಗು ಹಿಡಿದುಕೊಂಡರು. ಪಾಸಾದಳು.

ರಜಾ ಮುಗಿಸಿ ಬಂದರೆ ಮೇಡಂ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಮೇಡಂದು ವರ್ಷ ವರ್ಷದ ಗುತ್ತಿಗೆ ಕೆಲಸ. ಮುಂದುವರಿಸಲಿಲ್ಲ, ಅಷ್ಟೆ. ಒಂದು ಮಾತು ನಮಗೆ ಹೇಳದೆ ಊರಿಗೆ ಹೋಗಿದ್ದರು. ಭೇರ್ಯದ ಹತ್ತಿರದ ಆ ಊರು ಹುಡುಕಿಕೊಂಡು ಹೋದೆ. ಸಕ್ಕರೆ ಕಾಯಿಲೆ, ಕಾಲು ಊದಿ ಮಂಚದ ಮೇಲಿದ್ದರು.

"ನಾನೋಗಿ ಆ ಕಾಲೇಜ್ನೋರ ಮಾನ ಕಳೀತೀನಿ, ನೋಡ್ತಿರಿ" ಅಂದೆ.

"ಸೊಸೆ ಡಿಪ್ಲೊಮಾ ಕೈಗೆ ಬಂತಾ?"

"ಇನ್ನೂ ಇಲ್ಲ."

"ಹಂಗಾದ್ರೆ ಬಾಯಿ ಮುಚ್ಕೊಂಡಿರು. ಅವಳು ಕೆಲಸಕ್ಕೆ ಸೇರೋಗಂಟ ಒಂದು ಮಾತಾಡ್ಕೂಡ್ದು. ನನ್ನಾಣೆ."

ಮುಚ್ಚಿಕೊಂಡಿದ್ದೆ. ಡಿಪ್ಲೊಮಾ ಬಂತು. ಹಾರನಹಳ್ಳಿ ಕಡೆ ಒಂದು ನರ್ಸರಿಯಲ್ಲಿ ಸೊಸೆಗೆ ಕೆಲಸವೂ ಸಿಕ್ಕಿತು. ಅದನ್ನು ಹೇಳೋಣ ಅಂತ ನಾವು ಹೊರಡುವ ಮೊದಲೇ ಮೇಡಂ ತೀರಿಕೊಂಡರು.

ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟರು. ಫೋಟೋಕ್ಕೆ ಹಾರ ಹಾಕಿದವರು ಅವರನ್ನು ಕೆಲಸದಿಂದ ತೆಗೆದವರೇ. ಕಾರ್ಯದರ್ಶಿ ಮೈಕಿನಲ್ಲಿ, "ಆರೋಗ್ಯದ ಕಾರಣದಿಂದ ಅವರು ತಾವಾಗಿಯೇ ನಮ್ಮನ್ನು ಬಿಟ್ಟು ಹೋದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ" ಅಂದ. ಎಲ್ಲರೂ ನಿಂತರು. ನಾನು ಮಾತಾಡಿದೆ.

"ಅವರು ಬುಟ್ಟೋಗ್ಲಿಲ್ಲ ಕಣ್ರೀ, ನೀವು ಓಡ್ಸಿದ್ರಿ. ನನ್ ಸೊಸೆ ಪರವಾಗಿ ನಿಂತ್ರು ಅಂತ ಓಡ್ಸಿದ್ರಿ."

"ಅಜ್ಜಿ, ಇದು ಆ ಮಾತಾಡೋ ಹೊತ್ತಲ್ಲ."

"ಮತ್ಯಾವಾಗ? ಅವ್ರು ಇದ್ದಾಗ ಅವರೇ ನನ್ ಬಾಯಿ ಮುಚ್ಚಿದ್ರು. ಈಗ ಮುಚ್ಚೋರು ಯಾರವ್ರೆ?"

ಮಾರನೆಯ ದಿನದಿಂದ ನನಗೂ ಅಲ್ಲಿ ಕೆಲಸ ಇಲ್ಲ. ಹೋಗಲಿ. ನನ್ನ ಸಿಟ್ಟು ಅರ್ಧ ಆ ಕಾಲೇಜಿನ ಮೇಲೆ, ಇನ್ನರ್ಧ ಮೇಡಂ ಮೇಲೆಯೇ. ನಮಗೋಸ್ಕರ ಅಷ್ಟು ಜಗಳ ಆಡಿದ ಹೆಂಗಸು, ಅವರಿಗೋಸ್ಕರ ನಾನು ಆಡಬೇಕಾಗಿದ್ದ ಒಂದೇ ಒಂದು ಜಗಳವನ್ನು ತಮ್ಮ ಕಿವಿಗೆ ಬೀಳದ ಹಾಗೆ ಆಡಿಸಿಬಿಟ್ಟರು.